ಬಿಸಿಲಿಗೆ ಏರುವ ಹೊಳೆ

ಅಮೆರಿಕದ ಲೊಂಬಾರ್ಡಿನಲ್ಲಿರುವ ಅಲೀಮ್‌ಗೆ ರಜೆಯಲ್ಲಿ ಎರಡೇ ನಿಯಮ: ಹತ್ತರ ಮೊದಲು ಹೊರಡಬಾರದು, ಊಟ ನೀರಿನ ಪಕ್ಕದಲ್ಲೇ ಆಗಬೇಕು. ವರ್ಷವಿಡೀ ಟೈರ್ ಅಂಗಡಿಯಲ್ಲಿ ಬೆವರು ಸುರಿಸುವವನು ಅಷ್ಟೂ ಸುಖಪಡಬಾರದೇ? ಈ ಜುಲೈಯಲ್ಲಿ ಊರು ಹರಿಹರಕ್ಕೆ ಹೋದವರು ಹಾಗೇ ಹಿಮಾಲಯವನ್ನೂ ನೋಡಿಬರುವುದೆಂದು ತೀರ್ಮಾನವಾಗಿತ್ತು. ಮನಾಲಿಯಲ್ಲಿ ತಡವಾಗಿ ತಿಂಡಿ, ಮೂರು ಗಂಟೆಗೆ ಚಂದ್ರಾ ನದಿಯ ಮರಳಿನ ಮೇಲೆ ಊಟ, ಆರು ವರ್ಷದ ಮಗಳು ಅರೀಬಾಗೆ ನೀರಾಟ.

ಹೆಂಡತಿ ಅಸ್ಗರಿಗೆ ಯಾಕೋ ಅಳುಕು. ಮಾರ್ಚ್ ತಿಂಗಳಲ್ಲಿ ಆನ್ ಆರ್ಬರ್‌ನಿಂದ ಗೆಳತಿ ಅನುರಾಧಾ ಬಂದು ಉಳಿದಾಗ ಆ ಮಾತು ತೆಗೆದಳು. ಅನುರಾಧಾ ಹಿಮನದಿಗಳ ಸಂಶೋಧಕಿ, ಚಂದ್ರಾ ದಂಡೆಯಲ್ಲಿ ಎರಡು ಬೇಸಿಗೆ ಕಳೆದವಳು. ಬಾರಾಲಾಚಾ ಕಣಿವೆಯ ಹಿಮದಲ್ಲಿ ಹುಟ್ಟಿ, ಮರವೇ ಇಲ್ಲದ ಕಲ್ಲುಬೆಟ್ಟಗಳ ನಡುವೆ ಬೂದಿ ಬಣ್ಣದ ನೀರು ಹೊತ್ತು ಇಳಿದು, ತಾಂಡಿಯಲ್ಲಿ ಭಾಗಾ ನದಿಯನ್ನು ಸೇರುವ ಆ ಹೊಳೆಯ ಅಂದವನ್ನು ಬಣ್ಣಿಸಿದಳು. ಆಮೇಲೆ, ಮೂರು ಗಂಟೆಗೆ ಮಾತ್ರ ಅದರ ಹತ್ತಿರ ಸುಳಿಯಬೇಡಿ ಎಂದಳು.

ಅಲೀಮ್ ನಕ್ಕ. "ತುಂಗಭದ್ರೇಲಿ ಈಜಿ ಬೆಳೆದೋನು ನಾನು. ಮಳೆನೇ ಇಲ್ದೆ ಹೊಳೆ ಹೆಂಗ್ ಏರುತ್ತೆ?"

"ಅದಕ್ಕೆ ಮಳೆ ಬೇಕಾಗಿಲ್ಲ ಅಲೀಮ್ ಅವ್ರೇ, ಬಿಸಿಲು ಸಾಕು," ಎಂದಳು ಅನುರಾಧಾ.

ಮರುದಿನ ಬೆಳಿಗ್ಗೆ ಎಂಟಕ್ಕೇ ಅವನನ್ನು ಎಬ್ಬಿಸಿ ಮನೆಯ ಹತ್ತಿರದ ಪಾರ್ಕಿಂಗ್ ಲಾಟ್‌ಗೆ ಕರೆದೊಯ್ದಳು. ಚಳಿಗಾಲವಿಡೀ ರಸ್ತೆ ತೆರವು ಮಾಡುವ ಗಾಡಿಗಳು ತಳ್ಳಿ ಗುಡ್ಡೆ ಹಾಕಿದ್ದ ಹಿಮ ಅಲ್ಲಿ ಇನ್ನೂ ಇತ್ತು. ಅದರ ಬುಡದಿಂದ ಬೆರಳಗಲದ ನೀರು ಜಿನುಗುತ್ತಿತ್ತು. ಇದೇ ಚಂದ್ರಾ ಎಂದುಕೊಂಡು, ಮಗಳನ್ನು ಎಲ್ಲಿ ಆಡಲು ಬಿಡುತ್ತೀರೋ ಅಲ್ಲಿ ಅವಳದೇನಾದರೂ ಇಡಿ ಎಂದಳು. ಅಲೀಮ್ ಗೊಣಗುತ್ತಲೇ ಅರೀಬಾಳ ರಬ್ಬರ್ ಚಪ್ಪಲಿಗಳನ್ನು ನೀರಿಂದ ಒಂದಡಿ ಆಚೆ, ಒಣ ಜಾಗದಲ್ಲಿಟ್ಟು ಹೋಗಿ ಮತ್ತೆ ಮಲಗಿದ.

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಐವತ್ತು ಡಿಗ್ರಿ ಫ್ಯಾರನ್‌ಹೀಟಿನ, ಅಂದರೆ ಹತ್ತು ಸೆಲ್ಸಿಯಸ್‌ನ, ಒಳ್ಳೆಯ ಬಿಸಿಲು. ಮೂರು ಗಂಟೆಗೆ ಹೋಗಿ ನೋಡಿದರೆ ಹಿಮದ ಬುಡದಿಂದ ಎರಡಡಿ ಅಗಲದ ನೀರು ಸರಸರನೆ ಹರಿಯುತ್ತಿದೆ! ಒಂದು ಚಪ್ಪಲಿ ದೂರದ ಚರಂಡಿಯ ಬಾಯಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಸಿಗಲೇ ಇಲ್ಲ.

ಅಲೀಮ್ ಆ ಪುಟ್ಟ ಚಪ್ಪಲಿಯನ್ನು ಕೈಗೆತ್ತಿಕೊಂಡ. ಪಕ್ಕದಲ್ಲಿದ್ದ ಮಗಳನ್ನು ಎತ್ತಿಕೊಂಡವನು ಕೆಳಗಿಳಿಸಲೇ ಇಲ್ಲ.

"ಅಬ್ಬಾ, ಐ ವಾಂಟ್ ಪಿಂಕ್ ಒನ್ಸ್ ನೌ," ಎಂದಳು ಅರೀಬಾ ಅಪ್ಪನಿಗೆ.

"ಕೊಡಿಸ್ತೀನಿ ಕಂದಾ," ಎಂದ ಅಲೀಮ್, ಅನುರಾಧಾಳತ್ತ ತಿರುಗಿ, "ಮನಾಲಿ ಎಷ್ಟೊತ್ತಿಗೆ ಬಿಡ್ಬೇಕು ಹೇಳಿ," ಎಂದು ಕೇಳಿದ.

ಬೆಳಗಿನ ಜಾವ ನಾಲ್ಕಕ್ಕೆ ಎಂದು ಅವಳು ಹೇಳಿದಾಗ ಅವನು ಬೆಚ್ಚಿದರೂ ಅದನ್ನು ಫೋನಿನಲ್ಲಿ ಬರೆದುಕೊಂಡ. ಅಸ್ಗರಿ ನಗು ತಡೆಯಲಾರದೆ ಮುಖ ತಿರುಗಿಸಿಕೊಂಡಳು. ಊಟದ ಜಮಖಾನ ನೀರಿಗಿಂತ ಬಹಳ ಮೇಲೆ, ದಿಬ್ಬದ ಮೇಲೆ ಎಂದೂ ತೀರ್ಮಾನವಾಯಿತು.

ಹಿಮಾಲಯಕ್ಕೆ ಹೊರಟಿರುವ ಅಕ್ಕ, ಅಣ್ಣಂದಿರೇ, ರಸ್ತೆಗೆ ಅಡ್ಡ ಹರಿಯುವ ತೊರೆಗಳನ್ನು ಬೆಳಿಗ್ಗೆಯೇ ದಾಟಿ. ಅಲ್ಲಿನವರು ಬೇಡವೆಂದರೆ ನಿಲ್ಲಿ. ಫೋಟೋಗೆಂದು ನಡುನೀರಿನ ಬಂಡೆ ಹತ್ತಬೇಡಿ. ಹೊಳೆಯ ಸದ್ದು ಜೋರಾದರೆ ಸಾಮಾನು ಬಿಟ್ಟು ಮೇಲಕ್ಕೆ ಓಡಿ. ಚಪ್ಪಲಿ ಹೋದರೆ ಅಂಗಡಿಯಲ್ಲಿ ಇನ್ನೊಂದು ಜೊತೆ ಸಿಗುತ್ತದೆ. ಮಕ್ಕಳ ಕೈ ಬಿಡಬೇಡಿ.