ಎರಡು ಮನೆಗೆ ಒಂದೇ ಡಬ್ಬಿ

ಸರ್ಕಾರದ ಬಾಡಿಗೆ ನೆರವಿನಲ್ಲಿ ಬದುಕುವವರಿಗೆ ಮನೆ ಕೊಡಿ ಎಂದರೆ ಅಮೆರಿಕದ ಟೊಲೀಡೊದಲ್ಲಿ ಅರ್ಧ ಊರು ಮೂಗು ಮುರಿಯುತ್ತದೆ. ಓಡೆಲ್ ಪ್ರೂಯಿಟ್ ಅಂಥವನಲ್ಲ. ಬಾಡಿಗೆಯ ಬಹುಪಾಲು ವಸತಿ ಕಚೇರಿಯಿಂದಲೇ ತಪ್ಪದೆ ಬರುವಾಗ ಮೂಗು ಯಾಕೆ ಮುರಿಯಬೇಕು? ಅವನಿಗಿದ್ದ ಕಾಟ ಒಂದೇ, ತಪಾಸಣೆ. ಕಚೇರಿಯವರು ಬಂದು ನೋಡಿ ಪಾಸು ಮಾಡದೆ ಒಂದು ಕಾಸೂ ಹುಟ್ಟದು.

ಮನೆಯೊಳಗೆ ಹೀಟರಿನ ವಿಷಗಾಳಿ ಸೇರಿದರೆ ಕೂಗಿಕೊಳ್ಳುವ ಬಿಳಿ ಡಬ್ಬಿಯೊಂದು ಪ್ರತಿ ಮನೆಯಲ್ಲೂ ಇರಬೇಕೆಂದು ನಿಯಮ. ಓಡೆಲ್‌ಗೆ ಮನೆ ಎರಡು, ಡಬ್ಬಿ ಒಂದು. ತಪಾಸಣೆ ಯಾವ ಮನೆಗೋ ಡಬ್ಬಿ ಆ ಮನೆಗೆ. ಜಿಪುಣ ಎಂದರೆ ಸಿಟ್ಟಾಗುತ್ತಿದ್ದ. ಆದರೆ ಜಿಪುಣನೇ.

ಹಿಮ ಬೀಳುತ್ತಿದ್ದ ಆ ಬೆಳಿಗ್ಗೆ, ಇನ್ನೊಂದು ಮನೆಯ ತಪಾಸಣೆಗೆಂದು, ಅವನು ಡಬ್ಬಿ ತರಲು ವರ್ಲೀನಳ ಮನೆಗೆ ಹೋದ. ವರ್ಲೀನ್ ಬರೀ ಬಾಡಿಗೆದಾರಳಲ್ಲ, ಅವನ ತಾಯಿಯ ಗೆಳತಿ. ತಾಯಿ ರಾತ್ರಿ ಪಾಳಿಗೆ ಹೋದಾಗಲೆಲ್ಲ ಅವನಿಗೆ ಅನ್ನ ಹಾಕಿದವಳು. ಕಂಬಳಿ ಹೊದ್ದು, ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆರೆದಳು.

"ತಗೊಂಡ್ ಹೋಗೋ ಮಾರಾಯ ಆ ದರಿದ್ರದ್ದನ್ನ. ನಿನ್ನೆ ಸಂಜೆಯಿಂದ ಒಂದೇ ಸಮ ಅರಚ್ತಾ ಇದೆ. ಮೊದಲೇ ತಲೆ ಸಿಡೀತಿದೆ ನಂಗೆ. ಕಿಟಕಿ ತೆಗೆದ್ರೆ ಸುಮ್ನಾಗತ್ತೆ, ಮುಚ್ಚಿದ್ರೆ ಮತ್ತೆ ಶುರು. ಬಾಯಿ ಮುಚ್ಸೋ ಅದರದ್ದು!"

"ಬ್ಯಾಟರಿ ಹೋಗಿರ್ಬೇಕು, ಆಂಟಿ. ನೀವು ಬೆಚ್ಚಗೆ ಮಲ್ಕೊಳ್ಳಿ."

ಅವಳಿಗೆ ಚಳಿಯಾಗದಿರಲೆಂದು ಕಿಟಕಿಗಳನ್ನೆಲ್ಲ ತಾನೇ ಮುಚ್ಚಿ ಚಿಲಕ ಹಾಕಿದ, ನೆಲಮಾಳಿಗೆಯ ಗ್ಯಾಸ್ ಹೀಟರನ್ನು ಇನ್ನಷ್ಟು ಏರಿಸಿದ. ನಿಮ್ಮಮ್ಮ ಇದ್ದಿದ್ದರೆ ಹಿಗ್ಗುತ್ತಿದ್ದಳು ಎಂದು ವರ್ಲೀನ್ ಅವನ ಕೆನ್ನೆ ತಟ್ಟಿದಳು. ಅವಳ ಕೈ ನಡುಗುತ್ತಿತ್ತು. ವಯಸ್ಸಾಯಿತು ಪಾಪ, ಎಂದುಕೊಂಡು ಓಡೆಲ್ ಡಬ್ಬಿ ಹಿಡಿದು ಹೊರಟ.

ಇನ್ನೊಂದು ಮನೆಯಲ್ಲಿ ಎಲ್ಲವೂ ಸಲೀಸಾಗಿ ನಡೆಯಿತು. ತಪಾಸಣೆಯ ಹೆಂಗಸು ನಲ್ಲಿ ತಿರುಗಿಸಿದಳು, ಕಿಟಕಿ ಎಳೆದು ನೋಡಿದಳು, ಕೊನೆಗೆ ಡಬ್ಬಿಯ ಗುಂಡಿ ಒತ್ತಿದಳು. ಅದು ಕಿವಿ ತೂತಾಗುವ ಹಾಗೆ ಕೂಗಿತು. ಬ್ಯಾಟರಿ ಬದಲಾಯಿಸಬೇಕೆಂದಿದ್ದೆ, ಮರೆತೇಹೋಯಿತು ಎಂದು ಓಡೆಲ್ ಹಲ್ಲು ಕಿರಿದ.

"ಯಾಕೆ, ಚೆನ್ನಾಗೇ ಇದೆಯಲ್ಲ," ಎಂದಳು ಅವಳು. "ಬ್ಯಾಟರಿ ಮುಗೀತಾ ಬಂದ್ರೆ ಆಗೊಮ್ಮೆ ಈಗೊಮ್ಮೆ ಕುಂಯ್ ಅನ್ನತ್ತೆ, ಅಷ್ಟೆ. ಒಂದೇ ಸಮ ಕೂಗಿದ್ರೆ ಮಾತ್ರ ನಿಂತು ಯೋಚಿಸ್ಬೇಡಿ. ಮನೆ ಬಿಟ್ಟು ಓಡಿ."

ಮನೆ ಪಾಸಾಯಿತು ಎಂದೂ ಹೇಳಿದಳು. ಓಡೆಲ್‌ಗೆ ಅದು ಕೇಳಿಸಲಿಲ್ಲ. ಅವಳ ಕಣ್ಣೆದುರೇ ಡಬ್ಬಿಯನ್ನು ಗೋಡೆಯಿಂದ ಕಿತ್ತುಕೊಂಡು ಕಾರಿನ ಕಡೆಗೆ ಓಡಿದ.

ದಾರಿಯುದ್ದಕ್ಕೂ ಅವನು ಕರೆ ಮಾಡಿದಷ್ಟೂ ವರ್ಲೀನಳ ಫೋನು ರಿಂಗಾಗುತ್ತಲೇ ಇತ್ತು. ಅಗ್ನಿಶಾಮಕದವರು ಹೊರಟಿದ್ದೇವೆ ಎಂದರು. ನಿದ್ದೆ ಹತ್ತಿರಬೇಕು, ಬರೀ ನಿದ್ದೆ, ಎಂದು ಅವನು ಗಟ್ಟಿಯಾಗಿ ಹೇಳಿಕೊಂಡ.

ಕಿಟಕಿಗಳು ಅವನು ಚಿಲಕ ಹಾಕಿದಂತೆಯೇ ಭದ್ರವಾಗಿದ್ದವು. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ತನ್ನಲ್ಲಿದ್ದ ಬೀಗದ ಕೈ ತಿರುಗಿಸಿ ಬಾಗಿಲು ತಳ್ಳಿದ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಉಸಿರು ಬಿಗಿಹಿಡಿದು ಮಲಗುವ ಕೋಣೆಯತ್ತ ನುಗ್ಗುವಷ್ಟರಲ್ಲಿ ಕೈಯಲ್ಲಿದ್ದ ಡಬ್ಬಿ ಅರಚಲು ಶುರುಮಾಡಿತು.

ಅದರ ಬಾಯಿ ಮುಚ್ಚಿಸು ಎಂದು ಒಳಗಿಂದ ಯಾರೂ ಬೈಯಲಿಲ್ಲ.