ಬುಗುರಿಯ ವಯಸ್ಸು

"ಬುಗುರಿ ಜೊತೆ ಒಂದೇ ಬೆಂಚಲ್ಲಿ ಕೂರ್ತಿದ್ದ ಹುಡುಗನಿಗೆ ಮೀಸೆ ಬಂದಿದೆ ಅಕ್ಕಾ. ಇವಳಿಗೆ ನೋಡಿದ್ರೆ ಇನ್ನೂ ಹಾಲುಹಲ್ಲೇ ಬೀಳ್ತಿದೆ," ಎಂದು ಗುಮಾಸ್ತರು ತಿದ್ದಕ್ಕನಿಗೆ ಫೋನಿನಲ್ಲಿ ದೂರಿದರು.

ಅವರ ತಕರಾರು ನ್ಯಾಯವಾಗಿಯೇ ಇತ್ತು. ಗುಮಾಸ್ತರು, ಆಸ್ಪತ್ರೆಯಲ್ಲಿ ದುಡಿಯುವ ನರ್ಸಮ್ಮ, ಹೀಗೆ ಐದಾರು ಜನ ಸೇರಿ ವರ್ಷಗಳಿಂದ ಒಂದು ಇಲ್ಲದ ಊರಿನ ಕತೆ ಬರೆಯುತ್ತಿದ್ದರು. ನದಿ, ಸೇತುವೆ, ಜಗಳಗಂಟ ಹೆಡ್‌ಮಾಸ್ತರು, ಎಲ್ಲ ಅವರದೇ ಸೃಷ್ಟಿ. ಬರೆಯಲು ಒಬ್ಬೊಬ್ಬರಿಗೆ ಒಂದೊಂದು ಮನೆ. ತಿಂಗಳಿಗೊಮ್ಮೆ ಕಂತುಗಳು ಅಂತರ್ಜಾಲದಲ್ಲಿ ಹೊರಬರುತ್ತಿದ್ದವು. ಒಬ್ಬರು ಕೆಡವಿದ ಸೇತುವೆಯ ಮೇಲೆ ಇನ್ನೊಬ್ಬರು ಬಸ್ಸು ಓಡಿಸದಂತೆ ಕಾಯುವುದು ತಿದ್ದಕ್ಕನ ಕೆಲಸ. ಹಗಲೆಲ್ಲ ಮುದ್ರಣಾಲಯದಲ್ಲಿ ಕರಡು ತಿದ್ದುವ ಅವಳಿಗೆ ಆ ಹೆಸರಿಟ್ಟವರೂ ಇವರೇ.

ಬುಗುರಿ ನರ್ಸಮ್ಮನ ಪಾಲಿನ ಮನೆಯ ಹುಡುಗಿ. ಕಾಲು ನಿಲ್ಲದವಳು, ಬಾಯಿ ಮುಚ್ಚದವಳು. ಊರಲ್ಲಿ ಕಾಲ ಓಡುತ್ತಿತ್ತು, ಜನರ ಕೂದಲು ನೆರೆಯುತ್ತಿತ್ತು, ಬುಗುರಿಯೊಬ್ಬಳು ಮಾತ್ರ ಏಳು ದಾಟಿರಲಿಲ್ಲ. ನರ್ಸಮ್ಮನ ಸ್ವಂತ ಮಗಳು ಏಳನೆಯ ವಯಸ್ಸಿಗೇ ಜ್ವರದಲ್ಲಿ ತೀರಿಕೊಂಡಿದ್ದಳೆಂಬುದು ಗುಂಪಿನಲ್ಲಿ ತಿದ್ದಕ್ಕನಿಗೆ ಮಾತ್ರ ಗೊತ್ತು. ಹಾಗಾಗಿ ಅವಳು ತೇಪೆ ಹಾಕುತ್ತಲೇ ಬಂದಿದ್ದಳು. ಒಮ್ಮೆ ಬುಗುರಿಯ ಕಂತೊಂದನ್ನು ತಾಯಿಯ ಹಳೆಯ ನೆನಪೆಂದು ತಿರುಗಿಸಿದ್ದಳು. ಇನ್ನೊಮ್ಮೆ ಬೇರೆಯವರ ಕಂತಿನಿಂದ ಶಾಲೆಯ ಒಂದಿಡೀ ವರ್ಷವನ್ನೇ ಸದ್ದಿಲ್ಲದೆ ಕಿತ್ತುಹಾಕಿದ್ದಳು. ಈಗ ತೇಪೆಗೆ ಬಟ್ಟೆಯೇ ಉಳಿದಿರಲಿಲ್ಲ.

ಗುಮಾಸ್ತರು ದಾರಿಯನ್ನೂ ತೋರಿಸಿದ್ದರು. ಬುಗುರಿಗೆ ಒಂದು ಜ್ವರ ಬರಿಸಿ ಮುಗಿಸಿಬಿಟ್ಟರೆ ಓದುಗರ ಕಣ್ಣೂ ಒದ್ದೆಯಾಗುತ್ತದೆ, ಕತೆಯ ತೊಡಕೂ ಬಿಡುತ್ತದೆ ಎಂದಿದ್ದರು. ಕೆಟ್ಟ ಮನುಷ್ಯರೇನಲ್ಲ. ಗೊತ್ತಿರಲಿಲ್ಲ, ಅಷ್ಟೇ.

ಮರುದಿನ ಮಧ್ಯಾಹ್ನ ತಿದ್ದಕ್ಕ ಆಸ್ಪತ್ರೆಗೆ ಹೋದಳು. ಚುಚ್ಚುಮದ್ದಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ನರ್ಸಮ್ಮ ಪಕ್ಕದಲ್ಲಿ ಬಂದು ಕೂತಳು. ತೊಳೆದ ಕೈ ಇನ್ನೂ ಒದ್ದೆಯಿತ್ತು. ಸುತ್ತಿ ಬಳಸಿ ಮಾತು ಶುರುಮಾಡಬೇಕೆಂದುಕೊಂಡು ಬಂದಿದ್ದ ತಿದ್ದಕ್ಕನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಬುಗುರೀನ ಸಾಯಿಸಿ ಅಂದ್ರಾ?"

ತಿದ್ದಕ್ಕ ಹೌದೆಂದು ತಲೆಯಾಡಿಸಿದಳು.

"ಅದು ಒಂದ್ಸಲ ಆಗಿದೆ ಅಕ್ಕ. ಸಾಕು."

"ದೊಡ್ಡವಳಾಗಿದ್ದನ್ನ ನಾನು ಬರೀಲಾ? ನೀನು ಓದದೇ ಇದ್ರೂ ನಡೆಯುತ್ತೆ."

"ಬೇಡ. ನೀವು ಬೆಳೆಸಿದ್ರೆ ನಿಮ್ಮ ಮಗಳಾಗ್ತಾಳೆ." ನರ್ಸಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಾನೇ ಬರೆಯೋಣ ಅಂತ ಎಷ್ಟೋ ಸಲ ಕೂತಿದ್ದೀನಿ. ನನ್ನ ಮಗಳ ಓರಗೆಯವರು ದಿನಾ ಇಲ್ಲಿಗೆ ಬರ್ತಾರೆ. ಎತ್ತರ ನೋಡ್ತೀನಿ, ಜಡೆ ನೋಡ್ತೀನಿ. ಮನೆಗೆ ಹೋಗಿ ಬರೆದ್ರೆ ಯಾರದೋ ಮಗಳು ಬಂದು ನಿಲ್ತಾಳೆ. ನನ್ನವಳು ಹೇಗಿರ್ತಿದ್ಲು ಅಂತ ನಂಗೇ ಗೊತ್ತಿಲ್ವಲ್ಲ."

ಒಳಗೆ ಯಾವುದೋ ಮಗು ರಚ್ಚೆ ಹಿಡಿಯಿತು. ಅವಳು ಎದ್ದು ಹೋದಳು.

ಬುಗುರಿಯನ್ನು ಯಾರೂ ಮುಟ್ಟಕೂಡದು, ಓದುಗರಿಗೆ ತಾನು ಜವಾಬು ಹೇಳುತ್ತೇನೆ ಎಂದು ತಿದ್ದಕ್ಕ ಗುಂಪಿಗೆ ತಿಳಿಸಿದಳು. ಗುಮಾಸ್ತರು ಗೊಣಗಿಕೊಂಡೇ ಒಪ್ಪಿದರು. ಆ ತಿಂಗಳು ನರ್ಸಮ್ಮನಿಂದ ಏನೂ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ.

ಆಮೇಲೊಂದು ಭಾನುವಾರ ಚಿಕ್ಕದೊಂದು ಕಂತು ಬಂತು. ಅದರಲ್ಲಿ ಬುಗುರಿ ಇರಲಿಲ್ಲ. ಅವಳ ತಾಯಿ ಮಾತ್ರ ಚಪ್ಪಲಿ ಅಂಗಡಿಯಲ್ಲಿ ನಿಂತಿದ್ದಳು. ಮಗಳ ಕಾಲಿನ ಅಳತೆ ಎಷ್ಟೆಂದು ಅಂಗಡಿಯವನು ಕೇಳುತ್ತಾನೆ. ತಾಯಿ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ಇಷ್ಟು ಎನ್ನುತ್ತಾಳೆ. ಅವನು ತಂದಿಟ್ಟ ಜೋಡಿಯನ್ನು ನೋಡಿ, ಇಲ್ಲ, ಈಗ ದೊಡ್ಡವಳಾಗಿದ್ದಾಳೆ ಎಂದು ಕೈಗಳನ್ನು ತುಸು ಅಗಲಿಸುತ್ತಾಳೆ. ಅವನು ಇನ್ನೊಂದು ಜೋಡಿ ತರಲು ಒಳಗೆ ಹೋಗುತ್ತಾನೆ. ಕಂತು ಅಲ್ಲಿಗೇ ನಿಂತಿತ್ತು. ಕೊನೆಗೆ ಪೂರ್ಣವಿರಾಮವಿರಲಿಲ್ಲ.

ಆ ಪೂರ್ಣವಿರಾಮವನ್ನು ಹಾಕಲು ಹೋದ ತಿದ್ದಕ್ಕನ ಬೆರಳು ಹಿಂದೆ ಸರಿಯಿತು. ಅವಳ ಕೈಗಳೆರಡೂ ಕೀಲಿಮಣೆಯಿಂದ ಮೇಲೆದ್ದು, ನಡುವೆ ಸ್ವಲ್ಪ ಜಾಗ ಬಿಟ್ಟು ಎದುರುಬದುರಾಗಿ ನಿಂತವು. ಆ ಜಾಗವನ್ನೇ ನೋಡುತ್ತ ಕೂತಳು. ಆಮೇಲೆ ಅದನ್ನು ಇನ್ನೂ ಸ್ವಲ್ಪ ಅಗಲಿಸಿದಳು.