ಆಲಿವ್‌ಗೆ ಬೆಳ್ಳುಳ್ಳಿ

"ಸ್ವಲ್ಪ ಬೆಳ್ಳುಳ್ಳೀನೂ ಹಾಕಮ್ಮಾ, ಅವಳಿಗೆ ಇಷ್ಟ" ಎಂದು ಅಪ್ಪ ಜೇಬಿನಿಂದ ಒಂದು ಗಡ್ಡೆ ತೆಗೆದು ಕಟ್ಟೆಯ ಮೇಲಿಟ್ಟರು.

ನನ್ನ ಕೈಯಲ್ಲಿದ್ದ ಲೋಟ ಅವರ ತಲೆಗೆ ಹೋಗಬೇಕಿತ್ತು. ಹೇಗೋ ತಡೆದುಕೊಂಡೆ.

'ಅವಳು' ಎಂದರೆ ಮುಂದಿನ ತಿಂಗಳು ಅಪ್ಪ ಮದುವೆಯಾಗಲಿರುವ ಟೈಲರ್ ಹೆಂಗಸು. ಅಮ್ಮ ಹೋಗಿ ವರ್ಷವಾಗಿದೆ. ಒಂಟಿ ಮನುಷ್ಯನಿಗೆ ಜೊತೆ ಬೇಕು, ನನ್ನದೇನೂ ತಕರಾರಿರಲಿಲ್ಲ. ಆಕೆ ಮೊದಲ ಸಲ ಊಟಕ್ಕೆ ಬರುತ್ತಾಳೆ, ಬಾಯಾಡಿಸಲು ಅಮ್ಮ ಮಾಡುತ್ತಿದ್ದ ಹಾಗೆ ಆಲಿವ್ ಮಾಡು ಎಂದಾಗಲೂ ಹೂಂಗುಟ್ಟಿದ್ದೆ. ಉಪ್ಪುನೀರಿನಿಂದ ಆಲಿವ್ ಕಾಯಿಗಳನ್ನು ಬಸಿದು, ಬಟ್ಟೆಯಲ್ಲಿ ಒರೆಸಿ, ಲೋಟದ ತಳದಿಂದ ಮೆಲ್ಲಗೆ ಒತ್ತಿ ಬಿರಿಸಿದ್ದೆ. ಕಿತ್ತಳೆ ಸಿಪ್ಪೆ, ಒಣಮೆಣಸಿನಕಾಯಿ ಹಾಕಿದ ಎಣ್ಣೆ ಸಣ್ಣ ಉರಿಯಲ್ಲಿ ಬೆಚ್ಚಗಾಗುತ್ತಿತ್ತು.

ಬೆಳ್ಳುಳ್ಳಿಯಂತೆ! ಅದು ಈ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಪಕ್ಕದ ಮನೆಯಿಂದ ವಾಸನೆ ಬಡಿದರೂ ಸಾಕು, ತಲೆನೋವು ಎಂದು ಅಪ್ಪ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು. ಅಮ್ಮನಿಗೋ ಬೆಳ್ಳುಳ್ಳಿ ಎಂದರೆ ಪ್ರಾಣ. ಕೆಲಸಕ್ಕೆ ಹೋಗುತ್ತಿದ್ದ ಬೇಕರಿಯಲ್ಲಿ ಸುಟ್ಟು, ಬ್ರೆಡ್ಡಿಗೆ ಸವರಿ, ಕಳ್ಳಿಯ ಹಾಗೆ ನಿಂತೇ ತಿನ್ನುತ್ತಿದ್ದಳು. ಮನೆಯವರೆಗೂ ಕಿತ್ತಳೆ ಸಿಪ್ಪೆ ಜಗಿಯುತ್ತ ಬರುತ್ತಿದ್ದಳು. ಸಾಯುವವರೆಗೂ ಇದೇ ಪಾಡು.

"ನಿಮಗೀಗ ತಲೆನೋವು ಬರಲ್ವಾ?"

"ಅಭ್ಯಾಸ ಆಗಿದೆ ಕಣಮ್ಮಾ."

"ಅಮ್ಮ ಇದ್ದಾಗ ಯಾಕೆ ಆಗ್ಲಿಲ್ಲ?"

"ಅವಳು ಯಾವತ್ತೂ ಕೇಳ್ಲಿಲ್ವಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. "ತಟ್ಟೆ ಸರಿಸಿ ಎದ್ದು ಹೋಗೋರ ಹತ್ರ ಏನಂತ ಕೇಳ್ತಾರೆ?"

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬದುಕಿದೆಯಾ ಬಡಜೀವವೇ ಎಂದು ಅಪ್ಪ ಬಾಗಿಲಿಗೆ ಓಡಿದರು. ನಾನು ಇಡೀ ಗಡ್ಡೆಯನ್ನು ಜಜ್ಜಿ ಎಣ್ಣೆಗೆ ಹಾಕಿದೆ. ಘಮ್ಮೆಂದಿತು. ಇದನ್ನು ಅಮ್ಮ ತಿನ್ನಬೇಕಿತ್ತು ಎನಿಸಿ ಸಿಟ್ಟು ಇಮ್ಮಡಿಯಾಯಿತು. ಎಣ್ಣೆಯನ್ನು ಕಾಯಿಗಳ ಮೇಲೆ ಸುರಿದು, ಅವರ ಹರಟೆ ಮುಗಿಯುವವರೆಗೆ ನೆನೆಯಲು ಬಿಟ್ಟು, ಆಮೇಲೆ ಮೇಜಿಗೆ ಒಯ್ದೆ.

ಆಕೆ ಒಂದನ್ನು ಬಾಯಿಗಿಟ್ಟು ಕಣ್ಣರಳಿಸಿದಳು. "ಎಷ್ಟು ಚೆನ್ನಾಗಿದೆ! ಆದ್ರೆ ನಿಮ್ಮಮ್ಮಂಗೆ ಬೆಳ್ಳುಳ್ಳಿ ಆಗ್ತಿರ್ಲಿಲ್ವಂತಲ್ಲ? ಅದಕ್ಕೇ ಮನೇಗೇ ತರ್ತಿರ್ಲಿಲ್ಲ ಅಂದ್ರು ಇವ್ರು."

ಅಪ್ಪ ತಲೆ ತಗ್ಗಿಸಿದರು. ಅಮ್ಮನ ಬಾಯಿಂದ ಕಿತ್ತುಕೊಂಡದ್ದು ಸಾಲದೆಂದು, ಈಗ ಕಿತ್ತುಕೊಂಡ ತಪ್ಪನ್ನೂ ಅವಳ ತಲೆಗೇ ಕಟ್ಟಿದ್ದರು.

ಅಮ್ಮನ ಕೋಟು ಇನ್ನೂ ಬಾಗಿಲ ಹಿಂದೆ ನೇತಾಡುತ್ತಿತ್ತು. ಅದರ ಜೇಬಿಗೆ ಕೈಹಾಕಿ, ಒಣಗಿ ಮುರುಟಿದ ಕಿತ್ತಳೆ ಸಿಪ್ಪೆಗಳನ್ನು ತಂದು ಮೇಜಿನ ಮೇಲೆ ಸುರಿದೆ.

"ಅಮ್ಮಂಗೆ ಬೆಳ್ಳುಳ್ಳಿ ಅಂದ್ರೆ ಪ್ರಾಣ. ಆಗ್ದೇ ಇದ್ದಿದ್ದು ಇವ್ರಿಗೆ. ಇವ್ರ ಮೂಗಿಗೆ ಗೊತ್ತಾಗ್ಬಾರ್ದು ಅಂತ ಕದ್ದು ತಿಂದು, ಇದನ್ನ ಜಗೀತಾ ಮನೇಗೆ ಬರ್ತಿದ್ಲು."

ಅಪ್ಪ ತಟ್ಟೆ ಸರಿಸಿ ಏಳಲು ಹೊರಟರು.

"ಕೂತ್ಕೊಳ್ಳಿ" ಎಂದಳು ಆಕೆ. ಒಂದು ಸಿಪ್ಪೆಯನ್ನು ಎತ್ತಿ ಅವರ ಮುಂದೆ ಹಿಡಿದಳು. "ಮದುವೆ ಆದ್ಮೇಲೆ ನಾನು ಏನು ಜಗೀಬೇಕು? ಈಗ್ಲೇ ಹೇಳ್ಬಿಡಿ."

ಅಪ್ಪ ಕೂತರು. ನಾನು ಆಲಿವ್ ಬಟ್ಟಲನ್ನು ಆಕೆಯ ಕಡೆಗೆ ಸರಿಸಿದೆ.